ಪಡುವಲ ಸಾಲಿನ ಬಿಸಿನೀರು

ಬೀಯುನ್‌ಳ ಹೊಟ್ಟೆ ಮೊದಲು ಉರಿದದ್ದು ವಾನ್‌ರುವಿನ ಓದು ನೋಡಿ ಅಲ್ಲ, ಅವಳ ಊಟದ ಡಬ್ಬಿ ನೋಡಿ.

ಶನಿವಾರ ಬೆಳಿಗ್ಗೆ ತರಗತಿಗೆಂದು ತೈನಾನ್ ರೈಲು ಹಿಡಿಯುವ ಮುಂಚೆ ವಾನ್‌ರು, ಇಬ್ಬರೂ ನರ್ಸುಗಳಾಗಿದ್ದ ಆಸ್ಪತ್ರೆಗೊಮ್ಮೆ ಹಣಿಕಿ ಹಾಕುತ್ತಿದ್ದಳು. ಅವಳ ಮನೆಯಿಂದ ಚಿಯಾಯಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಆಸ್ಪತ್ರೆ. ಬೀರುವಿನಲ್ಲಿಟ್ಟ ಪುಸ್ತಕ ತೆಗೆದುಕೊಳ್ಳುವ ನೆಪ. ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ, ಅವಳ ತಾಯಿ ಕಟ್ಟಿಕೊಟ್ಟದ್ದು. ಟರ್ಕಿ ಕೋಳಿಯ ಎಳೆಗಳನ್ನು ಹರಡಿದ ಅನ್ನ, ಸೋಯಾ ರಸದಲ್ಲಿ ಕುದಿಸಿದ ಮೊಟ್ಟೆ, ಇನ್ನೊಂದು ಪುಟ್ಟ ಡಬ್ಬಿಯಲ್ಲಿ ಹೆಚ್ಚಿದ ಸೀಬೆಹಣ್ಣು. ಹಣ್ಣಿನ ಮೇಲೆ ಉದುರಿಸುವ ಹುಳಿಪುಡಿಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿದ್ದರು; ಈಗಲೇ ಹಾಕಿದರೆ ಹಣ್ಣು ನೀರು ಬಿಟ್ಟುಕೊಳ್ಳುತ್ತದಲ್ಲ. ಬೀಯುನ್‌ಳ ಕಣ್ಣು ಕುಕ್ಕಿದ್ದು ಆ ಪೊಟ್ಟಣ. ತಾನು ತಿನ್ನುವ ಹಣ್ಣು ಮಧ್ಯಾಹ್ನದ ಹೊತ್ತಿಗೆ ನೀರು ಬಿಟ್ಟೀತೇ ಎಂದು ಯೋಚಿಸುವ ಒಂದು ಜೀವವೂ ತನಗಿಲ್ಲ ಎನ್ನಿಸಿತು. ತನ್ನ ಡಬ್ಬಿಯನ್ನು ಬೀಯುನ್ ತಾನೇ ಕಟ್ಟಿಕೊಳ್ಳುತ್ತಿದ್ದಳು. ಅತ್ತೆಗೆ ಮೆತ್ತಗಿನದು, ಗಂಡನಿಗೆ ಖಾರದ್ದು, ಮಗಳಿಗೆ ಈರುಳ್ಳಿ ಇಲ್ಲದ್ದು ಎಂದು ತೆಗೆದಿಟ್ಟ ಮೇಲೆ ಬಾಣಲೆಯಲ್ಲಿ ಏನು ಉಳಿಯುತ್ತಿತ್ತೋ ಅದು ಅವಳದು.

"ಬರ್ಲಾ ಅಕ್ಕ? ನೀವಿದೀರಲ್ಲ, ಅದೇ ಧೈರ್ಯ," ಎಂದು ವಾನ್‌ರು ಓಡುತ್ತಿದ್ದಳು. ಅವಳ ಗಂಡ ಸ್ಕೂಟರ್ ಆರಿಸದೆ ಗೇಟಿನ ಹತ್ತಿರ ಕಾಯುತ್ತಿದ್ದ.

ಬೀಯುನ್ ಇದ್ದಳು. ವಾನ್‌ರುವಿನ ಶನಿವಾರಗಳ ಪಾಳಿಯನ್ನೆಲ್ಲ ಹೊತ್ತುಕೊಂಡಿದ್ದವಳು ಅವಳೇ.

ಆ ಹೃದಯದ ವಾರ್ಡಿನಲ್ಲಿ ಓದುವುದಕ್ಕೆ ಸರದಿ ಇತ್ತು. ಕೆಲಸದಲ್ಲಿದ್ದುಕೊಂಡೇ ಸ್ನಾತಕೋತ್ತರ ಪದವಿ ಮಾಡಬಹುದು, ಅದಕ್ಕೆ ಆಸ್ಪತ್ರೆಯ ಅಡ್ಡಿಯಿಲ್ಲ. ರೋಗಿಗೆ ಮಾಡುವ ಉಪಚಾರದಿಂದ ನಿಜವಾಗಿ ಗುಣವಾಗುತ್ತದೆಯೇ, ಆಗುವುದಾದರೆ ಎಷ್ಟು ಎಂದು ಅಳೆದು ತೋರಿಸುವ ವಿದ್ಯೆ ಅದು. ಶನಿವಾರವಿಡೀ ತರಗತಿ, ಕೊನೆಗೊಂದು ಪ್ರಬಂಧ, ಪರೀಕ್ಷಕರ ಮುಂದೆ ಅದರ ಮಂಡನೆ. ಆದರೆ ಒಂದು ವಾರ್ಡಿನಿಂದ ಒಂದು ಸಲಕ್ಕೆ ಒಬ್ಬರೇ. ಇಬ್ಬರೂ ಶನಿವಾರ ಹೋದರೆ ರೋಗಿಗಳನ್ನು ನೋಡುವವರು ಯಾರು?

ಏಳು ವರ್ಷದ ಹಿಂದೆ ಸರದಿ ಬೀಯುನ್‌ಳದಾಗಿತ್ತು. ಸಂದರ್ಶನ ಮುಗಿಸಿ ಸೀಟೂ ಸಿಕ್ಕಿತ್ತು. ಆ ಬೇಸಿಗೆಯಲ್ಲಿ ಅತ್ತೆ ಮಾರುಕಟ್ಟೆಯ ಮೀನಿನ ಅಂಗಡಿಯ ಮುಂದೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಗಂಡ ಗುವೊದುಂಗ್‌ಗೆ ಕನ್ನಡಕದ ಅಂಗಡಿ. ಅಂಗಡಿ ಮುಚ್ಚುವ ಮಾತೇ ಇರಲಿಲ್ಲ. "ಒಂದ್ವರ್ಷ ತಡ ಆದ್ರೆ ಆಕಾಶ ಬೀಳತ್ತಾ?" ಎಂದಿದ್ದ. ಆಕಾಶ ಬೀಳಲಿಲ್ಲ, ಸೀಟು ಬಿತ್ತು. ಸರದಿ ಇನ್ನೊಬ್ಬಳಿಗೆ ಹೋಯಿತು, ಅವಳಿಂದ ಮತ್ತೊಬ್ಬಳಿಗೆ, ಕೊನೆಗೆ ವಾರ್ಡಿನಲ್ಲಿ ಬೀಯುನ್‌ಳೇ ಕೈಹಿಡಿದು ಕೆಲಸ ಕಲಿಸಿದ ವಾನ್‌ರುವಿಗೆ. ಅವಳದು ಮುಗಿದ ಕೂಡಲೇ ನಿನ್ನದು ಎಂದು ಹೆಡ್ ನರ್ಸ್ ಚುವಾಂಗ್ ಮಾತು ಕೊಟ್ಟಿದ್ದರು. ಆ ಮಾತನ್ನು ಬೀಯುನ್ ಬಾಯಲ್ಲಿ ಲವಂಗದ ಹಾಗೆ ಇಟ್ಟುಕೊಂಡು ಓಡಾಡುತ್ತಿದ್ದಳು.

ಹೊಟ್ಟೆಕಿಚ್ಚಿಗೆ ಕಾರಣ ಹುಡುಕಬೇಕಾಗಿರಲಿಲ್ಲ, ತಾವಾಗಿಯೇ ಬರುತ್ತಿದ್ದವು. ವಾನ್‌ರುವಿನ ಬಣ್ಣಬಣ್ಣದ ಪೆನ್ನುಗಳು. ಸೋಮವಾರ ಅವಳು ಬಾಯಲ್ಲಿ ಹೊತ್ತು ತರುವ ಹೊಸ ಮಾತುಗಳು. ಎಲ್ಲಕ್ಕಿಂತ ಮಿಗಿಲಾಗಿ ಅವಳ ಆಯಾಸ. ವಾನ್‌ರು ಕಣ್ಣುಜ್ಜಿಕೊಂಡು "ಓದೀ ಓದೀ ಸಾಕಾಗಿದೆ ಕಣ್ರೇ" ಎಂದರೆ ಯಾರಾದರೂ ಒಬ್ಬರು ಹಾಲು ಚಹಾ ತಂದುಕೊಡುತ್ತಿದ್ದರು. ಬೀಯುನ್‌ಳೂ ದಣಿಯುತ್ತಿದ್ದಳು. ಆದರೆ ಒಗೆದ ಬಟ್ಟೆ ಮಡಚಿ ದಣಿದವಳಿಗೆ ಯಾರೂ ಚಹಾ ತರುವುದಿಲ್ಲ. ಆ ದಣಿವಿಗೊಂದು ಹೆಸರೂ ಇಲ್ಲ.

ಒಂದು ಸಂಜೆ ನರ್ಸುಗಳ ಕೋಣೆಯಲ್ಲಿ ತಣ್ಣನೆ ನೂಡಲ್ಸ್ ತಿನ್ನುತ್ತ ವಾನ್‌ರು ಗೋಳಾಡುತ್ತಿದ್ದಳು. ಪ್ರಬಂಧಕ್ಕೆ ವಿಷಯವೇ ಹೊಳೆಯುತ್ತಿಲ್ಲ, ಪ್ರೊಫೆಸರ್ ಗದರುತ್ತಿದ್ದಾರೆ. ಮಾತಿಗೆ ಮಾತು ಬಂದು ಬೀಯುನ್ ತನ್ನ ಅತ್ತೆಯ ಸುದ್ದಿ ತೆಗೆದಳು. ಸೊಂಟ ಮುರಿದಾಗಿನಿಂದ ಮುದುಕಿಗೆ ನಿದ್ದೆಯಿಲ್ಲ. ಮಲಗುವ ಮುಂಚೆ ಶುಂಠಿ ಜಜ್ಜಿ ಹಾಕಿದ ಬಿಸಿನೀರಿನಲ್ಲಿ ಅವರ ಕಾಲು ನೆನೆಸುತ್ತಾಳೆ. ನೆನೆಸಿದ ದಿನ ಮನೆಯಲ್ಲಿ ಎಲ್ಲರಿಗೂ ನಿದ್ದೆ, ತಪ್ಪಿದ ದಿನ ಯಾರಿಗೂ ಇಲ್ಲ. ವಾನ್‌ರು ಚಾಪ್‌ಸ್ಟಿಕ್ ಕೆಳಗಿಟ್ಟಳು. ನೀರು ಎಷ್ಟು ಬಿಸಿ, ಎಷ್ಟು ಹೊತ್ತು, ಮೊಣಕಾಲಿನ ತನಕವೋ ಹಿಮ್ಮಡಿಯ ತನಕವೋ ಎಂದು ಕೇಳತೊಡಗಿದಳು. ತನ್ನ ಬಚ್ಚಲುಮನೆಯ ಬಗ್ಗೆ ಒಬ್ಬರು ಇಷ್ಟು ಆಸಕ್ತಿಯಿಂದ ಕೇಳಿದ್ದು ಅದೇ ಮೊದಲು. ಬೀಯುನ್ ಖುಷಿಯಿಂದ ಎಲ್ಲ ಹೇಳಿದಳು.

ಅದು ಪ್ರಬಂಧದ ವಿಷಯವಾಯಿತು. ಹೃದ್ರೋಗಿಗಳಿಗೆ ಮಲಗುವ ಮುನ್ನ ಬಿಸಿನೀರಿನ ಪಾದಸ್ನಾನ, ನಿದ್ರೆಯ ಮೇಲೆ ಅದರ ಪರಿಣಾಮ. "ನಿಮ್ಮಿಂದಾನೇ ಹೊಳೆದಿದ್ದು ಅಕ್ಕ," ಎಂದು ವಾನ್‌ರು ಒಂದು ಸಲ ಹೇಳಿದಳು, ಲಿಫ್ಟಿನಲ್ಲಿ, ಬಾಗಿಲು ತೆರೆದುಕೊಳ್ಳುವ ಮುಂಚೆ. ಆಮೇಲೆ ಹೇಳಲಿಲ್ಲ.

ಬೀಯುನ್ ಮನೆಯಲ್ಲಿ ಮಾಡುತ್ತಿದ್ದದ್ದಕ್ಕೆ ಹೆಸರಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ಕಾಲು ಚಾಚುತ್ತಿದ್ದರು, ಇವಳು ನೆಲದ ಮೇಲೆ ಮಂಡಿಯೂರುತ್ತಿದ್ದಳು. ಸಂಜೆ ಪಾಳಿ ಮುಗಿಸಿ ಬಂದ ದಿನವೂ ಆ ಕಾಲುಗಳು ಕಾದಿರುತ್ತಿದ್ದವು. "ಸುಡ್ತಿದೆ" ಎನ್ನುತ್ತಿದ್ದರು ಅತ್ತೆ, ಸ್ವಲ್ಪ ಹೊತ್ತಿಗೆ "ಆರಿಹೋಯ್ತು." ಈ ಎರಡು ಮಾತಿನ ನಡುವೆ ಮೂರನೆಯದೊಂದು ಬರಬಹುದೆಂದು ಬೀಯುನ್ ಮೊದಮೊದಲು ಕಾಯುತ್ತಿದ್ದಳು. ಬೆರಳ ಸಂದಿಯನ್ನೂ ಒರೆಸಿ, ನೀರು ಚೆಲ್ಲಿ, ಬಚ್ಚಲು ಉಜ್ಜಿ ಬರುವ ಹೊತ್ತಿಗೆ ಅತ್ತೆ ಗೊರಕೆ ಹೊಡೆಯುತ್ತಿದ್ದರು, ಗುವೊದುಂಗ್ ಟೀವಿಯ ಬೇಸ್‌ಬಾಲಿನಲ್ಲಿ ಮುಳುಗಿರುತ್ತಿದ್ದ. ಅದೇ ಕೆಲಸ ಈಗ ಆಸ್ಪತ್ರೆಗೆ ಬಂದಾಗ ಅದಕ್ಕೆ ಉಷ್ಣಮಾಪಕ ಬಂತು, ಆಸ್ಪತ್ರೆಯ ಸಂಶೋಧನಾ ಸಮಿತಿಯ ಒಪ್ಪಿಗೆ ಬಂತು, ನಿದ್ದೆ ಅಳೆಯಲು ರೋಗಿಗಳ ಮಣಿಕಟ್ಟಿಗೆ ಕಪ್ಪು ಪಟ್ಟಿ ಬಂತು. ವಾನ್‌ರು ಮಂಡಿಯೂರಿದರೆ ಹಿರಿಯ ಡಾಕ್ಟರು ಬಾಗಿಲಲ್ಲಿ ನಿಂತು ನೋಡಿ ಭೇಷ್ ಎಂದು ಹೋದರು.

ವಾರ್ಡಿನಲ್ಲಿ ನಡುವೆ ಓಣಿ, ಎರಡು ಕಡೆ ಹಾಸಿಗೆ. ಮೂಡಲ ಸಾಲಿನವರಿಗೆ ವಾನ್‌ರು ಕಾಲು ನೆನೆಸಬೇಕು, ಪಡುವಲ ಸಾಲಿನವರಿಗೆ ಎಂದಿನ ಆರೈಕೆ ಮಾತ್ರ. ಎರಡು ಸಾಲಿನ ನಿದ್ದೆಯನ್ನೂ ಹೋಲಿಸಿ ನೋಡಬೇಕು. ಹೋಲಿಕೆಗೆಂದೇ ಪಡುವಲ ಸಾಲನ್ನು ಒಣಗಾಲಲ್ಲಿ ಬಿಟ್ಟಿದ್ದು. ಆ ಸಾಲಿನ ಸಂಜೆಯ ಹೊಣೆ ಬೀಯುನ್‌ಳದು.

"ಆ ಕಡೆ ಯಾರಿಗೂ ಕಾಲು ನೆನೆಸಬಾರ್ದು ಅಕ್ಕ, ಏನೇ ಆದ್ರೂ. ಅದೊಂದು ನೋಡ್ಕೊಂಡ್ರೆ ಸಾಕು," ಎಂದಿದ್ದಳು ವಾನ್‌ರು.

"ಏನೂ ಮಾಡದೇ ಇರೋದೇ ನನ್ ಕೆಲಸ ಅನ್ನು."

"ಹೂಂ, ಅದೇ ಮುಖ್ಯ," ಎಂದು ವಾನ್‌ರು ನಕ್ಕಳು. ಮಾತಿನಲ್ಲಿದ್ದ ಚುಚ್ಚು ಅವಳಿಗೆ ತಾಗಲಿಲ್ಲ.

ಪಡುವಲ ಸಾಲಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಗಾವೊ ಅಜ್ಜಿ ಎಂಬ ಮುದುಕಿ ಇದ್ದಳು. ಒಂದು ಕಾಲದಲ್ಲಿ ಮಾರುಕಟ್ಟೆಯಲ್ಲಿ ಬಾತುಕೋಳಿ ಮಾರಿ ನಾಲ್ಕು ಮಕ್ಕಳನ್ನು ಸಾಕಿದ ಗಂಟಲು ಅದು. ಎದುರು ಸಾಲಿನಲ್ಲಿ ಬಕೆಟ್ಟುಗಳ ಸದ್ದಾದ ಕೂಡಲೇ ಕುತ್ತಿಗೆ ಉದ್ದ ಮಾಡುತ್ತಿದ್ದಳು.

"ಏನಮ್ಮಾ ನರ್ಸಮ್ಮ, ಆ ಕಡೆಯೋರು ಮದುವೆ ಗಂಡುಗಳಾ, ಕಾಲು ತೊಳಿಸ್ಕೊಳ್ಳಕ್ಕೆ? ನಾವೇನು ಹೆಣ ಹೊರಕ್ಕೆ ಬಂದೋರಾ?"

"ಅದು ಓದಿಗೆ ಮಾಡ್ತಿರೋದು ಅಜ್ಜಿ. ಚೀಟಿ ಎತ್ತಿದ್ರಲ್ಲ, ನಿಮ್ಗೆ ಈ ಕಡೆ ಬಂತು."

"ನನ್ ಹಣೇಲಿ ಯಾವಾಗ ನೋಡಿದ್ರೂ ಈ ಕಡೇನೇ ಬರೋದು. ನಾಲ್ಕು ಸೊಸೇರಿದಾರೆ, ಒಬ್ಬಳೂ ಇವತ್ತಿಗೂ ನನ್ ಕಾಲು ಮುಟ್ಟಿಲ್ಲ. ಇಲ್ಲೂ ಅದೇ ಆಯ್ತಲ್ಲ."

ಬೀಯುನ್‌ಳಿಗೆ ಆ ಸೊಸೆಯರ ಮೇಲೂ ಒಂದು ಕ್ಷಣ ಅಸೂಯೆ ಆಯಿತು.

ಅವತ್ತು ವಾನ್‌ರು ಮೂಡಲ ಸಾಲು ಮುಗಿಸಿ ಬೇಗ ಹೊರಟಳು. ಅವಳ ಗಂಡ ಸಿನಿಮಾಗೆ ಟಿಕೆಟ್ ತೆಗೆದಿದ್ದನಂತೆ. ಅವಳು ಹೋದ ಮೇಲೆ ಬೀಯುನ್ ಗಾವೊ ಅಜ್ಜಿಯ ಮಂಚದ ಕೆಳಗಿನ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬೋಗುಣಿ ಎಳೆದುಕೊಂಡಳು. ಆಸ್ಪತ್ರೆಗೆ ಸೇರುವವರೆಲ್ಲ ನೆಲಮಾಳಿಗೆಯ ಅಂಗಡಿಯಲ್ಲಿ ಕೊಳ್ಳುವ ಬೋಗುಣಿ ಅದು, ಪ್ರತಿ ಮಂಚದ ಕೆಳಗೂ ಒಂದಿರುತ್ತದೆ. ನೀರು ಕಾಯಿಸಿ, ಮೊಣಕೈ ಅದ್ದಿ ಹದ ನೋಡಿದಳು. ಮರುದಿನದ ಅಡುಗೆಗೆಂದು ಕೊಂಡ ಶುಂಠಿ ಚೀಲದಲ್ಲಿತ್ತು. ಅದರಲ್ಲೊಂದು ತುಂಡು ಜಜ್ಜಿ ಹಾಕಿದಳು. ವಾನ್‌ರುವಿನ ನೀರಿನಲ್ಲಿ ಶುಂಠಿ ಇರಲಿಲ್ಲ. ಸಮಿತಿ ಅದಕ್ಕೆ ಒಪ್ಪಿರಲಿಲ್ಲ. ಮುದುಕಿಯ ಮೇಲಿನ ಕರುಣೆಯಿಂದ ಮಾಡುತ್ತಿದ್ದೇನೆ ಎಂದು ಬೀಯುನ್ ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಕರುಣೆಗೆ ಶುಂಠಿ ಬೇಕಿರಲಿಲ್ಲ. ಶುಂಠಿ ಹಾಕಿಸಿದ್ದು ಒಳಗಿನ ಇನ್ನೊಂದು ಉರಿ.

ಗಾವೊ ಅಜ್ಜಿ ಕಾಲು ಇಳಿಬಿಟ್ಟು, ಕಣ್ಣು ಮುಚ್ಚಿ, "ಆಹಾ, ನಿನ್ನ ಕೈ ಬಂಗಾರ ಆಗ್ಲಿ ಕಣೇ ಮಗಳೇ," ಎಂದಳು. ಬೀಯುನ್ ಆ ಹಿಮ್ಮಡಿಗಳನ್ನು ಇನ್ನೊಮ್ಮೆ ಉಜ್ಜಿದಳು. ತನ್ನ ಮನೆಯ ಕುರ್ಚಿಯಿಂದ ಏಳು ವರ್ಷವಾದರೂ ಬಾರದ ಮೂರನೆಯ ಮಾತು ಅದು.

ಮರುದಿನ ಪಕ್ಕದ ಹಾಸಿಗೆಯವರು ಕೇಳಿದರು. ಆಮೇಲೆ ಅದರಾಚೆಯವರು. ಒಬ್ಬರಿಗೆ ಬಡಿಸಿ ಇನ್ನೊಬ್ಬರ ಎಲೆ ಖಾಲಿ ಬಿಡುವುದು ಬೀಯುನ್‌ಳ ಕೈಗೆ ಗೊತ್ತಿಲ್ಲದ ಕೆಲಸ. ಎಲ್ಲರಿಗೂ ಅವಳೇ ಮಾಡಲಾಗುವುದಿಲ್ಲವಲ್ಲ. ಹಾಸಿಗೆ ಪಕ್ಕದಲ್ಲಿ ಕೂತಿದ್ದ ಮಗಳಿಗೆ, ಹೆಂಡತಿಗೆ, ಸಂಬಳಕ್ಕೆ ಬಂದ ಇಂಡೋನೇಷ್ಯಾದ ಆರೈಕೆಯ ಹುಡುಗಿಗೆ ಹೇಳಿಕೊಟ್ಟಳು: ಮೊಣಕೈಯಲ್ಲಿ ಹದ ನೋಡಿ, ಶುಂಠಿ ಸಿಪ್ಪೆ ಸಮೇತ ಹಾಕಿ, ಆರುವ ಮುಂಚೆ ಎತ್ತಿ, ಬೆರಳ ಸಂದಿ ಒರೆಸಿ. ಕೆಲವೇ ದಿನಗಳಲ್ಲಿ, ಸಂಜೆ ವಾನ್‌ರು ಮನೆಗೆ ಹೊರಟ ಮೇಲೆ, ಪಡುವಲ ಸಾಲಿನಲ್ಲಿ ಶುಂಠಿಯ ಘಮ. ಮರುದಿನಕ್ಕೂ ಉಳಿದ ವಾಸನೆಗೆ ವಾನ್‌ರು ಒಮ್ಮೆ ಮೂಗು ಅರಳಿಸಿ ಕೇಳಿದ್ದಳು, ಯಾರೋ ಸೂಪು ತಂದಿರಬೇಕು ಎಂದಳು ಬೀಯುನ್. ಎಲ್ಲರ ಮನೆಯಿಂದಲೂ ಸೂಪು ಬರುವ ವಾರ್ಡು ಅದು. ವಾನ್‌ರು ನಂಬಿದಳು. ನಂಬಿದಳಲ್ಲ ಎಂದು ಬೀಯುನ್‌ಳಿಗೆ ಅದಕ್ಕೂ ಸಿಟ್ಟು. ಮನೆಯಲ್ಲಿ ಎಂದೂ ಒಲೆ ಹಚ್ಚದವಳಿಗೆ ಸೂಪಿನ ಶುಂಠಿಗೂ ಕಾಲಿನ ಶುಂಠಿಗೂ ವ್ಯತ್ಯಾಸ ತಿಳಿಯುವುದು ಹೇಗೆ?

ಮಣಿಕಟ್ಟಿನ ಪಟ್ಟಿಗಳನ್ನೆಲ್ಲ ಬಿಚ್ಚಿ ಲೆಕ್ಕ ಹಾಕಿದ ಮೇಲೆ ವಾನ್‌ರು ಮುಖ ಸಣ್ಣ ಮಾಡಿಕೊಂಡು ತೈನಾನ್‌ನಿಂದ ಬಂದಳು. ಎರಡು ಸಾಲಿಗೂ ಹೆಚ್ಚುಕಮ್ಮಿ ಒಂದೇ ನಿದ್ದೆ. ಪಡುವಲದವರೇ ಕೂದಲೆಳೆಯಷ್ಟು ಹೆಚ್ಚು ಮಲಗಿದ್ದಾರೆ. ಪಾದಸ್ನಾನದಿಂದ ಏನೂ ಉಪಯೋಗವಿಲ್ಲ ಎಂದು ಬರೆಯಬೇಕಷ್ಟೆ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅದೂ ಒಂದು ಫಲಿತಾಂಶವೇ, ಬರೆದು ಮುಗಿಸು, ಯಾರೂ ಫೇಲು ಮಾಡುವುದಿಲ್ಲ ಎಂದು ಹೆಡ್ ನರ್ಸ್ ಸಮಾಧಾನ ಹೇಳಿ, ಬೀಯುನ್‌ಳ ಕಡೆ ತಿರುಗಿ, ಅರ್ಜಿ ಸಿದ್ಧ ಮಾಡಿಕೊ, ಮುಂದಿನದು ನಿನ್ನದೇ ಎಂದರು.

ಬೀಯುನ್ ಬಾಯಿ ಬಿಗಿಹಿಡಿದಳು. ಹೇಳಿದರೆ ವಾನ್‌ರು ಎಲ್ಲವನ್ನೂ ಮೊದಲಿನಿಂದ ಮಾಡಬೇಕು, ಇನ್ನೊಂದು ವರ್ಷದ ಶನಿವಾರ ಅವಳದೇ. ಹೇಳದಿದ್ದರೆ ಶನಿವಾರಗಳು ತನ್ನವು. ಇಷ್ಟು ಸರಳ. ಏನೂ ಮಾಡದಿರುವುದೇ ಮುಖ್ಯ ಎಂದು ವಾನ್‌ರುವೇ ಹೇಳಿರಲಿಲ್ಲವೇ? ಆದರೂ ಪಡುವಲದವರು ಕೂದಲೆಳೆ ಹೆಚ್ಚು ಮಲಗಿದರು ಎಂಬ ಮಾತು ಅವಳ ಎದೆಯಲ್ಲಿ ಕೂತು ಬೆಚ್ಚಗೆ ಉರಿಯುತ್ತಿತ್ತು. ನನ್ನ ಸಾಲು ಗೆದ್ದಿತು, ನನ್ನ ನೀರು ಗೆದ್ದಿತು. ಗೆದ್ದದ್ದು ಲೋಕದಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಊಟದ ಹೊತ್ತಿನಲ್ಲಿ ಮಾತು ಬಂದಾಗ ಮನೆಯಲ್ಲಿ ಅಷ್ಟು ಮಾತ್ರ ಹೇಳಿದಳು, ವಾನ್‌ರುವಿನ ಪ್ರಯೋಗದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲವಂತೆ ಎಂದು. ಗುವೊದುಂಗ್ ಮೀನಿನ ಮುಳ್ಳು ತೆಗೆಯುತ್ತ ನಕ್ಕ. "ಹಂಗಾದ್ರೆ ಏಳು ವರ್ಷ ಸುಮ್ನೆ ಗ್ಯಾಸು ಸುಟ್ಟಿದೀಯ ಅನ್ನು. ಓದಿದೋರೇ ಹೇಳಿದ್ಮೇಲೆ ಮುಗೀತಲ್ಲ."

ಅತ್ತೆ ತಲೆ ಎತ್ತಲಿಲ್ಲ. "ನಾನ್ ಹೇಳ್ತಾನೇ ಇರ್ಲಿಲ್ವಾ, ಇವಳು ತೊಳೆಯೋ ಕ್ರಮಾನೇ ಸರಿಯಿಲ್ಲ ಅಂತ?"

ಹಾಗೆಂದವರು ಊಟವಾದ ಮೇಲೆ ಕುರ್ಚಿಯಲ್ಲಿ ಕೂತು ಎಂದಿನಂತೆ ಕಾಲು ಚಾಚಿದರು. ಬೀಯುನ್ ಬೋಗುಣಿ ತಂದಳು.

ಮಂಡನೆಯ ದಿನ ಬಂತು. ಆ ಊರುಗಳಲ್ಲಿ ಪರೀಕ್ಷೆ ಕೊಡುವವರೇ ಪರೀಕ್ಷಕರಿಗೆ ಉಪಚಾರ ಮಾಡಬೇಕು. ಹಣ್ಣಿನ ತಟ್ಟೆ, ತಿಂಡಿ, ಬಿಸಿ ಚಹಾ, ಆಮೇಲೆ ಊಟದ ಪೊಟ್ಟಣ. ಇದನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಮಾಡದವರು ಯಾರೂ ಇಲ್ಲ. ವಾನ್‌ರು ಬೀಯುನ್‌ಳನ್ನು ಕರೆದಳು. "ನಿಮ್ಮಷ್ಟು ಚೆನ್ನಾಗಿ ಹಣ್ಣು ಹೆಚ್ಚೋರು ಯಾರಿದಾರೆ ಅಕ್ಕ? ಅಮ್ಮಂಗೆ ಕೈ ನಡುಗತ್ತೆ." ಬೀಯುನ್ ರಜೆ ಹಾಕಿ, ಕರವಸ್ತ್ರದಲ್ಲಿ ಚಾಕು ಸುತ್ತಿಕೊಂಡು ಹೋದಳು. ತಾನೊಂದು ದಿನ ವಿದ್ಯಾರ್ಥಿನಿಯಾಗಿ ಕಾಲಿಡಬೇಕೆಂದಿದ್ದ ಕಟ್ಟಡಕ್ಕೆ ಸೀಬೆಹಣ್ಣಿನ ಚೀಲ ಹೊತ್ತು ಕಾಲಿಟ್ಟಳು.

ಕೋಣೆಯ ಹಿಂಬದಿಯಲ್ಲಿ ಒಂದು ಮೇಜು. ತಟ್ಟೆಗಳ ಪಕ್ಕದಲ್ಲಿ ಪ್ರಬಂಧದ ಪ್ರತಿಗಳನ್ನು ಜೋಡಿಸಿಟ್ಟಿದ್ದರು. ಕೈ ಒರೆಸಿಕೊಂಡು ಒಂದನ್ನು ತೆರೆದಳು. ಮೊದಲ ಪುಟದಲ್ಲಿ ವಂದನೆಗಳು: ಪ್ರೊಫೆಸರಿಗೆ, ತಾಯಿಗೆ, ಗಂಡನಿಗೆ, ರಾತ್ರಿಯೆಲ್ಲ ಕಾಲಬುಡದಲ್ಲಿ ಮಲಗಿ ಜೊತೆ ಕೊಟ್ಟ ಬೆಕ್ಕಿಗೆ. ಬೆಕ್ಕಿನ ಹೆಸರೂ ಇತ್ತು. ಅದರ ಕೆಳಗೆ, ವಾರ್ಡಿನ ಸಹೋದ್ಯೋಗಿಗಳಿಗೆ. ಬೀಯುನ್ ಪ್ರತಿ ಮುಚ್ಚಿ ಹಣ್ಣು ಹೆಚ್ಚಲು ನಿಂತಳು. ಹೋಳುಗಳು ಒಂದೇ ಅಳತೆಯಲ್ಲಿ ಬೀಳುತ್ತಿದ್ದವು. ಸಿಟ್ಟು ಬಂದಾಗ ಅವಳ ಕೈ ಇನ್ನೂ ಚೊಕ್ಕವಾಗುತ್ತಿತ್ತು.

ವಾನ್‌ರು ಚೆನ್ನಾಗಿಯೇ ಮಾತಾಡಿದಳು. ಪರದೆಯ ಮೇಲೆ ಎರಡು ಕಂಬ ಮೂಡಿದವು, ಮೂಡಲದ್ದು, ಪಡುವಲದ್ದು. ಪಡುವಲದ್ದು ಒಂದಿಷ್ಟೇ ಎತ್ತರ. ಅದನ್ನು ನೋಡಿ ಬೀಯುನ್‌ಳ ಬೆನ್ನು ತಾನಾಗಿ ನೆಟ್ಟಗಾಯಿತು. ಮೂವರು ಪರೀಕ್ಷಕರಲ್ಲಿ ಬಿಳಿ ಹುಬ್ಬಿನ ಹಿರಿಯ ಪ್ರೊಫೆಸರ್ ಹಣ್ಣಿನ ಹೋಳು ಚುಚ್ಚಿಕೊಂಡು ಕೇಳಿದರು, "ಅಲ್ಲಮ್ಮಾ, ಹೋಲಿಕೆಯ ಸಾಲಿನೋರು ಏನೂ ಮಾಡಿಸ್ಕೊಳ್ದೆ ಇಷ್ಟು ಚೆನ್ನಾಗಿ ಮಲಗಿದಾರೆ ಅಂದ್ರೆ?"

ಎಂದಿನ ಆರೈಕೆಯೇ ಸಾಕಾಯಿತು ಎಂದು ಕಾಣುತ್ತದೆ, ಪಾದಸ್ನಾನದಿಂದ ಹೆಚ್ಚಿನ ಲಾಭವಿಲ್ಲ ಎಂದಳು ವಾನ್‌ರು.

"ಒಳ್ಳೇದಾಯ್ತು ಬಿಡಿ," ಎಂದರು ಅವರು, ಹಣ್ಣು ಅಗಿಯುತ್ತ. "ನಮ್ ಮನೇಲಿ ಅಮ್ಮಂಗೆ ಹೆಂಡತಿ ದಿನಾ ಕಾಲು ನೆನೆಸ್ತಾಳೆ. ನಾಳೆಯಿಂದ ಬೇಡ ಅಂತೀನಿ. ನಮ್ ದಕ್ಷಿಣ ಸೀಮೆ ಸೊಸೇರಿಗೆಲ್ಲ ರಜೆ ಕೊಡಿಸಿದ್ರಿ ನೀವು."

ಕೋಣೆ ನಕ್ಕಿತು. ವಾನ್‌ರುವೂ ನಕ್ಕಳು, ಹಗುರಾಗಿ, ದಡ ಮುಟ್ಟಿದವಳ ಹಾಗೆ.

ಬೀಯುನ್ ನಗಲಿಲ್ಲ. ಅವಳಿಗೆ ರಜೆ ಬೇಕಿತ್ತು, ಏಳು ವರ್ಷದಿಂದ ಬೇಕಿತ್ತು. ಆದರೆ ಈ ರಜೆಯಲ್ಲ. ಮಾಡಿದ್ದೆಲ್ಲ ಇಲ್ಲವೆಂದಾಗಿಸಿ ಕೊಡುವ ರಜೆಯಲ್ಲ. ನಾಳೆ ಈ ಪ್ರಬಂಧಕ್ಕೆ ಗಟ್ಟಿ ರಟ್ಟು ಹಾಕಿ ಗ್ರಂಥಾಲಯದಲ್ಲಿಡುತ್ತಾರೆ. ಬೀಯುನ್ ಎಂಬವಳು ಏಳು ವರ್ಷ ಮಂಡಿಯೂರಿದ್ದರಿಂದ ಏನೂ ಆಗಲಿಲ್ಲ ಎಂಬುದು ಅದರಲ್ಲಿ ಸಾಬೀತಾಗಿ ಕೂತಿರುತ್ತದೆ. ಸಾಬೀತು ಮಾಡಿದ್ದು ಅವಳದೇ ಶುಂಠಿ.

"ಆ ಕಡೆಯೋರ ಕಾಲೂ ನೆನೆಸಿದ್ವಿ," ಎಂದಳು.

ತನ್ನ ದನಿ ಅಷ್ಟು ದೊಡ್ಡದಾಗಿ ಬಂದದ್ದು ಅವಳಿಗೇ ಆಶ್ಚರ್ಯ. ಎಲ್ಲರೂ ಹಿಂತಿರುಗಿದರು. ಕೈಯಲ್ಲಿ ಚಾಕು ಇರುವುದು ನೆನಪಾಗಿ ಅದನ್ನು ತಟ್ಟೆಯ ಪಕ್ಕ ಇಟ್ಟಳು.

"ಪಡುವಲ ಸಾಲಿಗೆ ನಾನೇ ಶುರು ಮಾಡಿದ್ದು. ಆಮೇಲೆ ಅವರವರ ಮನೆಯೋರಿಗೆ ಹೇಳಿಕೊಟ್ಟೆ. ಶುಂಠಿ ಹಾಕಿ. ಇವಳಿಗೆ ಗೊತ್ತಿಲ್ಲ. ಅದಕ್ಕೇ ಅವರು ಜಾಸ್ತಿ ಮಲಗಿದ್ದು."

ಕೊನೆಯ ಮಾತು ಬೇಕಿರಲಿಲ್ಲ. ಅದನ್ನು ಹೇಳದೆ ಇರಲು ಮಾತ್ರ ಅವಳಿಂದಾಗಲಿಲ್ಲ.

ವಾನ್‌ರುವನ್ನು ಹೊರಗೆ ಕಳಿಸಿ ಪರೀಕ್ಷಕರು ಬಹಳ ಹೊತ್ತು ಮಾತಾಡಿಕೊಂಡರು. ಈ ಅಂಕಿಗಳ ಮೇಲೆ ಏನನ್ನೂ ಹೇಳಲು ಬರುವುದಿಲ್ಲ, ಹೊಸ ರೋಗಿಗಳೊಂದಿಗೆ ಮತ್ತೆ ಮಾಡಿ ಮುಂದಿನ ವರ್ಷ ಬನ್ನಿ ಎಂದರು. ಊಟದ ಪೊಟ್ಟಣ ಮಾತ್ರ ಮರೆಯದೆ ತೆಗೆದುಕೊಂಡು ಹೋದರು.

ಹಿಂದಿರುಗುವ ರೈಲು ಒಂದೇ. ಇಬ್ಬರೂ ಒಂದೇ ಸಾಲಿನಲ್ಲಿ ಕೂತರು, ನಡುವಿನ ಸೀಟಿನಲ್ಲಿ ಉಳಿದ ಹಣ್ಣಿನ ಡಬ್ಬಿ. ವಾನ್‌ರು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಗದ್ದೆ, ಮೀನಿನ ಹೊಂಡ, ಗದ್ದೆ ಹಿಂದೆ ಸರಿದವು. ಊರು ಹತ್ತಿರವಾದಾಗ ತಿರುಗಿದಳು.

"ಯಾಕೆ ಮಾಡಿದ್ರಿ ಅಂತ ಕೇಳಲ್ಲ, ಗೊತ್ತು ನಂಗೆ. ಆಗ್ಲೇ ಯಾಕೆ ಹೇಳ್ಲಿಲ್ಲ? ಎಲ್ಲರ ಮುಂದೆ ಯಾಕೆ ಹೇಳಿದ್ರಿ?"

"ಬೆಕ್ಕಿನ ಹೆಸರು ಬರ್ದಿದೀಯಲ್ಲೇ ವಾನ್‌ರು."

ವಾನ್‌ರುವಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆದಾಗ ಅವಳ ಮುಖ ಕೆಂಪಾಯಿತು. ಅದು ನಾಚಿಕೆಯೋ ಕೋಪವೋ ಬೀಯುನ್‌ಳಿಗೆ ತಿಳಿಯಲಿಲ್ಲ. ಬಹುಶಃ ಎರಡೂ.

"ಅಷ್ಟಕ್ಕೇನಾ?"

"ಅಷ್ಟಕ್ಕೇ. ನಂದು ಅಷ್ಟೇ ಇದ್ದಿದ್ದು."

ಸ್ಟೇಷನ್ನಿನಲ್ಲಿ ವಾನ್‌ರುವಿನ ಗಂಡ ಹೂವಿನ ಗೊಂಚಲು ಹಿಡಿದು ನಿಂತಿದ್ದ, ಪಾಪ. ಬೀಯುನ್ ಬೇರೆ ಬಾಗಿಲಿಂದ ಇಳಿದಳು.

ಹೆಡ್ ನರ್ಸ್ ಬಾಗಿಲು ಹಾಕಿಕೊಂಡು ಬೈದರು. ಮೇಲಿನವರಿಗೆ ತಿಳಿಸಲೇಬೇಕಾಯಿತು, ಬೀಯುನ್‌ಳ ಹೆಸರಿನ ಮುಂದೆ ಒಂದು ಎಚ್ಚರಿಕೆ ಬಿತ್ತು. "ನಿನ್ನ ಸರದಿಗೆ ನೀನೇ ಒದ್ದೆಯಲ್ಲೇ ತಾಯಿ," ಎಂದರು ಕೊನೆಗೆ. ವಾನ್‌ರು ಮುಗಿಸುವ ತನಕ ಇನ್ನೊಬ್ಬರಿಲ್ಲ, ನಿಯಮ ನಿಯಮವೇ; ಬೀಯುನ್‌ಳ ಸರದಿ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ಶನಿವಾರದ ಪಾಳಿ ಮತ್ತೆ ಬೀಯುನ್‌ಳ ಹೆಗಲಿಗೆ ಬಂತು. ವಾರ್ಡಿನವರಲ್ಲಿ ಅರ್ಧ ಜನ ಅವಳ ಜೊತೆ ಮಾತು ಕಡಿಮೆ ಮಾಡಿದರು. ವಾನ್‌ರು 'ಅಕ್ಕ' ಬಿಟ್ಟು 'ಶ್ಯೂ ನರ್ಸ್' ಎಂದು ಮನೆತನದ ಹೆಸರು ಹಿಡಿದು ಕರೆಯತೊಡಗಿದಳು. ಬೀಯುನ್‌ಳಿಗೆ ಎಚ್ಚರಿಕೆಗಿಂತ ಅದು ಹೆಚ್ಚು ಚುಚ್ಚಿತು.

ಮಳೆಗಾಲ ಕಳೆದ ಮೇಲೆ ಎರಡನೆಯ ಸುತ್ತು ಶುರುವಾಯಿತು. ಬಕೆಟ್ಟು, ಉಷ್ಣಮಾಪಕಗಳನ್ನು ತಂದು ವಾನ್‌ರು ಬೀಯುನ್‌ಳ ಮುಂದೆ ಸಾಲಾಗಿ ಇಟ್ಟಳು.

"ಈ ಸಲ ಚೀಟಿ ಎತ್ತಿದಾಗ ಪಡುವಲ ಸಾಲಿಗೆ ಪಾದಸ್ನಾನ ಬಂತು. ದೇವರು ದೊಡ್ಡೋನು. ಸುಮ್ನಿರು ಅಂದ್ರೆ ನಿಮ್ ಕೈಲಿ ಆಗಲ್ಲ, ಮಾಡಿ ಅಂದ್ರೆ ಮಾಡ್ತೀರಿ." ಸ್ವಲ್ಪ ತಡೆದು, ಬೇರೆಲ್ಲೋ ನೋಡುತ್ತ ಸೇರಿಸಿದಳು, "ಶುಂಠಿಗೂ ಒಪ್ಪಿಗೆ ತಗೊಂಡಿದೀನಿ. ಹೇಗೆ ಜಜ್ಜೋದು ತೋರಿಸಿ."

ಹೆಸರು ಈಗಲೂ ಪ್ರಬಂಧದ ರಟ್ಟಿನ ಮೇಲೆ ವಾನ್‌ರುವಿನದೇ ಬರುತ್ತದೆ, ಡಬ್ಬಿಯನ್ನು ಅವಳ ತಾಯಿಯೇ ಕಟ್ಟುತ್ತಾರೆ. ಬೀಯುನ್ ಅದನ್ನೆಲ್ಲ ನೋಡುತ್ತಲೇ ಶುಂಠಿ ಜಜ್ಜಿ ತೋರಿಸಿದಳು. ಹೊಟ್ಟೆಯೊಳಗಿನ ಉರಿ ಆರಿರಲಿಲ್ಲ. ಈಗ ಅದರ ಜೊತೆ ಬದುಕುವುದು ಸುಲಭವಾಗಿತ್ತು, ಅಷ್ಟೆ.

ಮನೆಯಲ್ಲಿ ಒಂದು ಬದಲಾವಣೆ ಮಾಡಿದಳು. ಮುಂದಿನ ವರ್ಷ ಶನಿವಾರ ತಾನು ತೈನಾನ್‌ನಲ್ಲಿರುತ್ತೇನೆ, ಬರುವ ಹೊತ್ತಿಗೆ ತಡವಾಗುತ್ತದೆ. ಅಮ್ಮನ ಕಾಲು ನೆನೆಸುವುದನ್ನು ಈಗಿನಿಂದಲೇ ಕಲಿತುಕೊ ಎಂದು ಗಂಡನ ಕೈಗೆ ಬೋಗುಣಿ ಕೊಟ್ಟಳು. ಗುವೊದುಂಗ್ ಹಲ್ಲು ಕಿರಿದ. "ಅದ್ರಿಂದೇನೂ ಉಪಯೋಗ ಇಲ್ಲ ಅಂತ ಸಾಬೀತಾಗಿದೆಯಲ್ಲ?"

"ಆ ಸಾಬೀತು ಸುಳ್ಳಾಯ್ತು. ನೀರು ಕಾಯ್ಸು."

ಮೊದಲ ಶನಿವಾರ ಅವನು ಅರ್ಧ ನೀರನ್ನು ನೆಲದ ಮೇಲೇ ಚೆಲ್ಲಿದ. ಶುಂಠಿ ಹಾಕಲು ಮರೆತ, ಬೆರಳ ಸಂದಿ ಒರೆಸಲಿಲ್ಲ, ಎರಡು ನಿಮಿಷಕ್ಕೆ ಕಾಲು ಎತ್ತಿಬಿಟ್ಟ. ಬೀಯುನ್ ಊಟದ ಮೇಜಿನ ಹತ್ತಿರ ಪ್ರವೇಶದ ಸಂದರ್ಶನಕ್ಕೆ ಓದುವ ಪುಸ್ತಕ ತೆರೆದು ಕೂತಿದ್ದಳು. ಅತ್ತೆ "ಸುಡ್ತಿದೆ" ಎನ್ನಲಿಲ್ಲ, "ಆರಿಹೋಯ್ತು" ಎನ್ನಲಿಲ್ಲ. ಫೋನು ತರಿಸಿಕೊಂಡು ತೈಪೆಯಲ್ಲಿರುವ ಮಗಳಿಗೆ ಹಚ್ಚಿದರು.

"ಏ, ಕೇಳಿದ್ಯಾ? ನಿನ್ನ ತಮ್ಮ ಇವತ್ತು ನನ್ ಕಾಲು ತೊಳೆದ ಕಣೇ. ಅಂಗಡಿಯಿಂದ ದಣಿದು ಬಂದೋನು, ಪಾಪ, ನೆಲದ ಮೇಲೆ ಕೂತ್ಕೊಂಡು. ಎಂಥಾ ಹದವಾದ ನೀರು ಅಂತೀಯ. ಇವತ್ತು ಸೊಗಸಾಗಿ ನಿದ್ದೆ ಬರತ್ತೆ ನೋಡು. ಎಷ್ಟು ಜನಕ್ಕಿದಾರೆ ಇಂಥಾ ಮಕ್ಕಳು?"

ಆಮೇಲೆ ಪಕ್ಕದ ಮನೆಯವರಿಗೂ ಫೋನು ಹೋಯಿತು. ಗುವೊದುಂಗ್ ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಪದಕ ಗೆದ್ದವನಂತೆ ನಿಂತಿದ್ದ.

ಬೀಯುನ್‌ಳ ಉರಿ ಪಾದದಿಂದ ನೆತ್ತಿಯವರೆಗೆ ಏರಿತು. ವಾನ್‌ರುವಿನ ಡಬ್ಬಿ ನೋಡಿದಾಗಲೂ ಇಷ್ಟು ಏರಿರಲಿಲ್ಲ. ಬಚ್ಚಲಿನಿಂದ ನಡುಮನೆಯ ತನಕ ನೀರು ಹರಿದಿತ್ತು. ಅತ್ತೆಯ ಬೆರಳ ಸಂದಿಗಳು ಹಸಿಯಾಗಿಯೇ ಇರಬೇಕು. ಒರೆಸುವ ಬಟ್ಟೆ ಕೈಗೆಟುಕುವಷ್ಟು ಹತ್ತಿರದಲ್ಲೇ, ಅವಳ ಕುರ್ಚಿಯ ಬೆನ್ನಿನ ಮೇಲೆ ನೇತಾಡುತ್ತಿತ್ತು.

ಬೀಯುನ್ ಅದನ್ನು ತೆಗೆದು, ನೋಡದೆಯೇ, ಗಂಡನ ಕಡೆಗೆ ಎಸೆದಳು. ಪುಟ ಮಗುಚಿದಳು.